ಜಕಣಾಚಾರಿಯ ಹೆಸರಿನ ಹಿಂದೆ

ರೋಣ ಸೀಮೆಯ ಜಕ್ಕಲಿಯನ್ನು ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ಬಲ್ಲವರು ಬಹುಮಂದಿ. ಕರ್ನಾಟಕದ ಏಕೀಕರಣಕ್ಕಾಗಿ ದುಡಿದ ಮಹನೀಯರು ಅವರು. ಈ ದಿನ ನಾವು ಆ ಊರನ್ನು ನೆನೆಯುವುದು ಬೇರೊಂದು ಕಾರಣಕ್ಕಾಗಿ. ಭೂಪಟವನ್ನು ಮುಂದಿಟ್ಟುಕೊಂಡು ಜಕ್ಕಲಿಯ ಮೇಲೆ ಬೆರಳಿಟ್ಟರೆ, ಬಡಗಲಿಗೆ ಸೂಡಿ, ಅದರಾಚೆಗೆ ಮಲಪ್ರಭೆಯ ದಡದ ಪಟ್ಟದಕಲ್ಲು. ತೆಂಕಲಿಗೆ ನರೇಗಲ್ಲು, ಲಕ್ಕುಂಡಿ. ಆಗ್ನೇಯಕ್ಕೆ ಕುಕನೂರು, ಇಟಗಿ. ಕಲ್ಲಿನಲ್ಲಿ ಕಟ್ಟುವ ವಿದ್ಯೆ ಶತಮಾನಗಳ ಕಾಲ ಬೆಳೆದು ಹಣ್ಣಾದ ನಾಡಿನ ನಡುವೆ ಈ ಹಳ್ಳಿ ಕುಳಿತಿದೆ.

ಈ ಸೀಮೆಯ ಹಳೆಯ ಗುಡಿಯೊಂದರ ಮುಂದೆ ನಿಂತು, ಇದನ್ನು ಕಟ್ಟಿದವರಾರು ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಜಕಣಾಚಾರಿ ಕಟ್ಟಿದ ಗುಡಿರೀ.” ಬೇಲೂರಿನಲ್ಲಿ ಕೇಳಿದರೂ ಅದೇ ಉತ್ತರ. 1884ರಲ್ಲಿ ಹೊರಬಂದ ಮುಂಬಯಿ ಸರಕಾರದ ಧಾರವಾಡ ಗ್ಯಾಸೆಟಿಯರು ಕೂಡ ಈ ಜನವಾಕ್ಯವನ್ನೇ ಹಿಡಿದು, ಊರೂರಿನ ಗುಡಿಗಳನ್ನು ಜಕಣಾಚಾರ್ಯನ ಲೆಕ್ಕಕ್ಕೆ ಬರೆಯಿತು.

ಕಥೆ ಎಲ್ಲರಿಗೂ ತಿಳಿದದ್ದೇ. ವಿಗ್ರಹದೊಳಗೆ ದೋಷವುಂಟೆಂದು ಎಳೆಯನೊಬ್ಬನು ಹೇಳುತ್ತಾನೆ. ಶಿಲೆಯನ್ನು ಪರೀಕ್ಷಿಸಲು ಒಳಗಿನಿಂದ ಕಪ್ಪೆ ಹೊರಬೀಳುತ್ತದೆ. ಮಾತಿಗೆ ಕಟ್ಟುಬಿದ್ದ ಜಕಣಾಚಾರಿ ತನ್ನ ಬಲಗೈಯನ್ನು ಕಡಿದುಕೊಳ್ಳುತ್ತಾನೆ. ಆ ಎಳೆಯನು ತನ್ನ ಮಗನೇ, ಡಂಕಣನೆಂದು ಬಳಿಕ ತಿಳಿಯುತ್ತದೆ. ತುಮಕೂರಿನ ಬಳಿಯ ಕೈದಾಳದಲ್ಲಿ ದೇವರ ಸೇವೆಯಿಂದ ಆ ಕೈ ಮತ್ತೆ ಬಂತೆಂದು ಐತಿಹ್ಯ. ಕಥೆ ಸೊಗಸಾಗಿದೆ. ಆದರೆ ಇತಿಹಾಸದ ಮುಂದೆ ಅದು ನಿಲ್ಲುವುದು ಕಷ್ಟ. ಪಟ್ಟದಕಲ್ಲಿನ ವಿರೂಪಾಕ್ಷ ಎಂಟನೆಯ ಶತಮಾನದ್ದು. ಇಟಗಿಯ ಮಹಾದೇವ 1112ರದು. ಬೇಲೂರಿನ ಕೇಶವ 1117ರದು. ಸೋಮನಾಥಪುರ ಹದಿಮೂರನೆಯ ಶತಮಾನದ್ದು. ಐನೂರು ವರ್ಷಗಳ ಕೆಲಸವನ್ನು ಒಬ್ಬನೇ ಮನುಷ್ಯ ಎರಡು ಕೈಗಳಿಂದಲೂ ಮಾಡಲಾರನು. ಕೈದಾಳದ ಗುಡಿಯನ್ನೇ ತೆಗೆದುಕೊಂಡರೂ, ಅಲ್ಲಿಯ ಶಾಸನ ಅದನ್ನು ಕಟ್ಟಿಸಿದವನೆಂದು ಹೇಳುವುದು ಬಾಚಿಯೆಂಬ ಸಾಮಂತನನ್ನು.

ಹಾಗಾದರೆ ಕಟ್ಟಿದವರಾರು? ನಮ್ಮ ಪೂರ್ವಿಕರು ಕೀರ್ತಿಯನ್ನು ಬಯಸದೆ ಹೆಸರನ್ನು ಮರೆಸಿ ದುಡಿದರೆಂದು ಹೇಳುವ ವಾಡಿಕೆಯುಂಟು. ನಾವೂ ತರಗತಿಯಲ್ಲಿ ಹೀಗೆ ಹೇಳಿದ್ದುಂಟು. 1710ರಲ್ಲಿ ಮುಗಿದ ಲಂಡನ್ನಿನ ಸೇಂಟ್ ಪಾಲ್ಸ್ ಮಂದಿರವನ್ನು ಕಟ್ಟಿದವರಾರೆಂದರೆ ಕ್ರಿಸ್ಟಫರ್ ರೆನ್ ಎಂದು ತಟ್ಟನೆ ನುಡಿಯುವ ವಿದ್ಯಾರ್ಥಿ, ವಿರೂಪಾಕ್ಷವನ್ನು ಕಟ್ಟಿದವರಾರೆಂದರೆ ಮೌನವಾಗುತ್ತಾನೆ. ತಪ್ಪು ಅವನದಲ್ಲ; ಅವನಿಗೆ ಕಲಿಸಿದ ನಮ್ಮದು. ಏಕೆಂದರೆ ಹೆಸರು ಮರೆತಿಲ್ಲ. ಅದು ಕಲ್ಲಿನ ಮೇಲೆಯೇ ಇದೆ, ಕನ್ನಡದಲ್ಲಿಯೇ ಇದೆ.

ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗಾಗಿ ಅವನ ಅರಸಿ ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ ದೇವಾಲಯ. ಇಂದಿನ ವಿರೂಪಾಕ್ಷ ಅದೇ. ಅದರ ಮೂಡಣ ಬಾಗಿಲ ಶಾಸನಗಳು ಸೂತ್ರಧಾರಿಯನ್ನು ಹೆಸರಿಟ್ಟು ಕರೆಯುತ್ತವೆ. ಅವನು ಗುಂಡ, ಅನಿವಾರಿತಾಚಾರಿ ಎಂಬುದು ಅವನ ಬಿರುದು. ‘ತ್ರಿಭುವನಾಚಾರಿ’ ಎಂಬ ಪದವಿ ಅವನಿಗೆ ಸಂದಿತು. ಪೆರ್ಜೆರೆಪು ಎಂಬ ಪಟ್ಟವನ್ನು ಅವನಿಗೆ ಕಟ್ಟಲಾಯಿತು. ಈ ಶಾಸನಗಳನ್ನು ಓದಿ ಪ್ರಕಟಿಸಿದ ಫ್ಲೀಟ್ ಮಹಾಶಯರು ಕೊಟ್ಟ ಅರ್ಥದಂತೆ, ಆ ಪ್ರಾಂತದ ಕುಶಲಕರ್ಮಿಗಳ ಮೇಲಿದ್ದ ಬಹಿಷ್ಕಾರವನ್ನು ತೊಲಗಿಸಿದ ಮಾತೂ ಅಲ್ಲಿದೆ. ಈ ಅರ್ಥ ನಿಲ್ಲುವುದಾದರೆ, ಒಂದು ಕಟ್ಟಡದ ಪುಣ್ಯ ಒಬ್ಬ ಆಚಾರಿಗೆ ಮಾತ್ರವೇ ಮುಡಿಪಾಗದೆ ಅವನ ಕುಲಕ್ಕೂ ಹಂಚಿತೆಂದು ಎಣಿಸಬೇಕು.

ಅದೇ ಗುಡಿಯ ಮತ್ತೊಂದು ಶಾಸನ ಸರ್ವಸಿದ್ಧಿ ಆಚಾರಿಯನ್ನು ಕೊಂಡಾಡುತ್ತದೆ. ಅವನು ತೆಂಕಣ ದಿಕ್ಕಿನ ಸೂತ್ರಧಾರಿ. ವಾಸ್ತು, ಪ್ರಾಸಾದಗಳಷ್ಟೇ ಅಲ್ಲದೆ ಯಾನ, ಆಸನ, ಶಯನ, ಮಣಿಮುಕುಟಗಳ ರಚನೆಯನ್ನೂ ಅವನು ಬಲ್ಲವನು. ಅವನ ಮಾತೂ ನಯವಾದುದಂತೆ. ಆ ಕಾಲದ ಸೂತ್ರಧಾರಿ ಉಳಿ ಹಿಡಿದ ಕೂಲಿಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಕಂಚಿಯನ್ನು ಗೆದ್ದ ಅರಸನು ಅಲ್ಲಿಯ ಶಿಲ್ಪಿಗಳನ್ನೇ ಕರೆತಂದು ಈ ಗುಡಿಯನ್ನು ಕಟ್ಟಿಸಿದನೆಂದು ಕೆಲವರು ವಾದಿಸಿದ್ದುಂಟು. ಕಂಚಿಯ ಕೈಲಾಸನಾಥನ ಛಾಯೆ ಇಲ್ಲಿದೆಯೆಂಬುದು ನಿಜ. ಆದರೆ ವಿಕ್ರಮಾದಿತ್ಯನ ತಂದೆ ವಿಜಯಾದಿತ್ಯನು ಕಟ್ಟಿಸಿದ ಸಂಗಮೇಶ್ವರ ಪಕ್ಕದಲ್ಲಿಯೇ ನಿಂತಿದೆ. ಅದೂ ದ್ರಾವಿಡ ರೀತಿಯದೇ. ಅಂದರೆ ಆ ವಿದ್ಯೆ ಈ ನೆಲದಲ್ಲಿ ಮೊದಲೇ ಬೇರೂರಿತ್ತು. ಇನ್ನೂ ಒಂದು ಸಂಗತಿಯುಂಟು. ಅದೇ ಊರಿನ ಪಾಪನಾಥದ ಶಿಖರ ಉತ್ತರದ ನಾಗರ ರೀತಿಯದು. ಆ ಗುಡಿಯ ಶಾಸನಗಳಲ್ಲಿ ದುಗ್ಗಿ ಆಚಾರಿಯ ಮಗ ಬಲದೇವನ ಹೆಸರೂ, ಸರ್ವಸಿದ್ಧಿ ಆಚಾರಿಯ ಪರಂಪರೆಯವನಾದ ರೇವಡಿ ಓವಜ್ಜನ ಹೆಸರೂ ಇವೆ. ತೆಂಕಣ ದಿಕ್ಕಿನ ಆಚಾರಿಯ ಪರಂಪರೆಯವನು ಬಡಗಣ ರೀತಿಯ ಗುಡಿಯಲ್ಲಿ ಕೈಯಾಡಿಸಿದನು. ರೀತಿಯೆಂಬುದು ರಕ್ತದಲ್ಲಿ ಬರುವುದಲ್ಲ, ಗುರುವಿನಿಂದ ಬರುವುದು.

ಈ ‘ಓವಜ್ಜ’ ಎಂಬ ಮಾತಿನಲ್ಲಿ ನಮ್ಮ ಇಂದಿನ ವಿಷಯದ ತಿರುಳೆಲ್ಲ ಅಡಗಿದೆ. ಸಂಸ್ಕೃತದ ಉಪಾಧ್ಯಾಯ ಶಬ್ದ ಪ್ರಾಕೃತದ ಮೂಲಕ ಸವೆದು ಓವಜ್ಜನಾಯಿತು. ಮತ್ತೆ ಸವೆದು ಓಜನಾಯಿತು. ಮುಂದಿನ ಶತಮಾನಗಳ ದಾಸೋಜ, ಕೇದಾರೋಜ, ಬೈಚೋಜ ಈ ಹೆಸರುಗಳ ಬಾಲದಲ್ಲಿರುವ ಓಜ ಇದೇ. ಕಲ್ಲು ಕೆತ್ತುವವನನ್ನು ನಮ್ಮ ನಾಡು ಉಪಾಧ್ಯಾಯನೆಂದು ಕರೆಯಿತು. ಅವನ ಕಾರ್ಯಶಾಲೆಯೇ ಪಾಠಶಾಲೆ.

ಈ ಗುರುಪರಂಪರೆಗೆ ಹೂವಿನಹಡಗಲಿಯ ಕಡೆಯ ಹೊಳಲಿನಲ್ಲಿ ಒಂದು ಸೊಗಸಾದ ಸಾಕ್ಷ್ಯವಿದೆ. ಅಲ್ಲಿಯ ಅಮೃತೇಶ್ವರ ದೇವಾಲಯದ ಶಾಸನವು ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜನನ್ನು ಕಲಿಯುಗದ ವಿಶ್ವಕರ್ಮನೆಂದು ಹೊಗಳಿ, ನಾಗರ, ಕಾಳಿಂಗ, ದ್ರಾವಿಡ, ವೇಸರ ಎಂಬ ನಾಲ್ಕು ಜಾತಿಯ ಕಟ್ಟಡಗಳನ್ನೂ ಅವನು ಬಲ್ಲನೆನ್ನುತ್ತದೆ. ಗುರುವಿನ ಹೆಸರನ್ನು ಬಿಟ್ಟು ಶಿಷ್ಯನನ್ನು ಹೊಗಳಲು ಶಾಸನಕಾರನಿಗೆ ಮನಸ್ಸು ಬರಲಿಲ್ಲ.

ವಿದ್ಯೆ ಗುರುವಿನಿಂದ ಬಂದರೂ ಶಿಲೆ ಅದರ ದಾರಿಯನ್ನು ತಿದ್ದಿತು. ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಆ ಕಲ್ಲಿನಲ್ಲಿ ದೊಡ್ಡ ಬಂಡೆಗಳ ಗಾಂಭೀರ್ಯ ಒಗ್ಗುತ್ತದೆಯೇ ಹೊರತು ಕೂದಲೆಳೆಯ ಕುಸುರಿ ಒಗ್ಗದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಜಕ್ಕಲಿಯ ತೆಂಕಲಿನ ಲಕ್ಕುಂಡಿಯ ಶಿಲ್ಪಿಗಳು ಬಳಪದ ಕಲ್ಲಿಗೆ ಕೈಹಾಕಿದರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಕಂಬಗಳನ್ನು ತಿರುಗಣೆಯಲ್ಲಿ ಕಡೆಯುವುದು ಸಾಧ್ಯವಾಯಿತು. ಆಭರಣದಂತಹ ಕೆತ್ತನೆ ಗೋಡೆಗೆ ಬಂತು. ಲಕ್ಕುಂಡಿಯ ಕಾಶಿವಿಶ್ವೇಶ್ವರ, ಇಟಗಿಯ ಮಹಾದೇವ ಈ ಪ್ರಯೋಗದ ಫಲಗಳು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ಗುಡಿಗೆ ಅಲ್ಲಿಯ ಶಾಸನ ‘ದೇವಾಲಯ ಚಕ್ರವರ್ತಿ’ ಎಂದೇ ಹೆಸರಿಟ್ಟಿದೆ.

ಇದೇ ಕಲ್ಲು, ಇದೇ ಕೈಚಳಕ ತೆಂಕಲಿಗೆ ನಡೆದು ಹೊಯ್ಸಳರ ನಾಡನ್ನು ಸೇರಿತು. ಬೇಲೂರಿನಲ್ಲಿ ಹೆಸರು ಕೆತ್ತಿದ ದಾಸೋಜನೂ ಅವನ ಮಗ ಚಾವಣನೂ ಚಾಲುಕ್ಯ ಶಿಲ್ಪದ ನೆಲೆಯಾಗಿದ್ದ ಬಳ್ಳಿಗಾವೆಯವರು. ನುಗ್ಗೆಹಳ್ಳಿಯಲ್ಲಿ 1246ರ ಗುಡಿಯ ತೆಂಕಣ ಮಗ್ಗುಲು ನಂದಿಯ ಬೈಚೋಜನದು, ಬಡಗಣ ಮಗ್ಗುಲು ಮಲ್ಲಿತಮ್ಮನದು. ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿಯೂ ಇದೆ, ಅಲ್ಲಿಂದ ಆರು ದಶಕಗಳಿಗೂ ಆಚೆಯ ಸೋಮನಾಥಪುರದಲ್ಲಿಯೂ ಇದೆ. ಒಬ್ಬನೇ ದೀರ್ಘಾಯುವೋ, ಒಂದೇ ಹೆಸರಿನ ಇಬ್ಬರೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ದೊಡ್ಡ ಹೆಸರೊಂದು ಹಲವರನ್ನು ಒಳಗೊಳ್ಳುವ ಬಗೆ ಇದೇ ಇರಬಹುದು.

ಜಕಣಾಚಾರಿಯ ಹೆಸರೂ ಹೀಗೆಯೇ ಬೆಳೆಯಿತೆಂದು ನಾವು ಎಣಿಸುತ್ತೇವೆ. ‘ದಕ್ಷಿಣಾಚಾರಿ’ ಎಂಬ ಮಾತೇ ಜಕ್ಕಣಾಚಾರಿಯಾಯಿತೆಂದು ಕೆಲವರ ಊಹೆ. ಅದು ದಿಟವಾದರೆ, ಸರ್ವಸಿದ್ಧಿ ಆಚಾರಿಯ ‘ತೆಂಕಣ ದಿಕ್ಕಿನ ಸೂತ್ರಧಾರಿ’ ಎಂಬ ಬಿರುದೇ ನಮ್ಮ ಹಳ್ಳಿಗರ ಬಾಯಲ್ಲಿ ಇಂದಿಗೂ ಉಳಿದಂತಾಯಿತು. ಆದರೆ ಊಹೆ ಊಹೆಯೇ. ಜಕ್ಕಲಿಯ ಹೆಸರಿನಲ್ಲಿ ‘ಜಕ್ಕ’ ಇದೆಯೆಂದು ಜಕಣಾಚಾರಿಯನ್ನು ಆ ಊರಿಗೆ ಎಳೆತರುವವರಿಗೂ ಇದೇ ಮಾತು. ಜಕ್ಕವೆಂಬುದು ಯಕ್ಷದ ತದ್ಭವ. ಧ್ವನಿಯ ಹೋಲಿಕೆ ಪುರಾವೆಯಾಗದು.

ಐತಿಹ್ಯವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅರಸರನ್ನೂ ದಂಡನಾಯಕರನ್ನೂ ಜನ ಮರೆತರು. ಕಟ್ಟಿದವನನ್ನು ಮರೆಯಲೊಲ್ಲದೆ ಅವನಿಗೊಂದು ಹೆಸರನ್ನೂ ಕಥೆಯನ್ನೂ ಕೊಟ್ಟರು. ಇದು ಜನರ ಕೃತಜ್ಞತೆ. ಕರ್ನಾಟಕ ಸರಕಾರವು ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೆ ಜಕಣಾಚಾರಿಯ ಹೆಸರನ್ನಿಟ್ಟಿರುವುದೂ ಉಚಿತವೇ. ಆದರೆ ಓದುಬರಹ ಬಲ್ಲ ನಮ್ಮ ಋಣ ಅಷ್ಟಕ್ಕೆ ತೀರದು. ಗುಂಡನು ತನ್ನ ಹೆಸರಿನಿಂದ ಗುಂಡನಾಗಿಯೇ ನೆನೆಯಲ್ಪಡಬೇಕು. ರೇವಡಿ ಓವಜ್ಜ, ಬಮ್ಮೋಜ, ದಾಸೋಜರೂ ಹಾಗೆಯೇ.

ಪಟ್ಟದಕಲ್ಲು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅಲ್ಲಿಯ ಅಕ್ಷರಗಳಿಗೆ ಕಾವಲುಂಟು. ಕಾವಲಿಲ್ಲದ ಊರುಗಳಲ್ಲಿ ಸುಣ್ಣದ ಪದರದ ಕೆಳಗೆ ಮುಚ್ಚಿಹೋದ ಒಂದು ಸಾಲಿನಲ್ಲಿ ಯಾವ ಓಜನ ಹೆಸರಿದೆಯೋ! ಕೇಳುಗರಲ್ಲಿ ಯಾರಾದರೂ ಆ ದಾರಿಯಲ್ಲಿ ಹೋದಾಗ ಶಿಖರವನ್ನು ನೋಡಿ ತಣಿದ ಮೇಲೆ, ಬಾಗಿಲವಾಡವನ್ನೂ ಕಂಬದ ಬುಡವನ್ನೂ ಒಮ್ಮೆ ಬಾಗಿ ನೋಡಬೇಕೆಂದು ಬೇಡುತ್ತೇವೆ. ಕಟ್ಟಿದವನು ತನ್ನ ಹೆಸರನ್ನು ಅಲ್ಲಿ ನಮಗಾಗಿಯೇ ಬಿಟ್ಟುಹೋಗಿರಬಹುದು.