ಅಂಗಡಿಯ ಹಿಂದಿನ ಶಾಲೆ

ಅಮೆರಿಕದ ಸೌತ್ ಕೆರೊಲಿನಾ ಕರಾವಳಿಯ ಜಾನ್ಸ್ ದ್ವೀಪದ ಕಪ್ಪು ಜನರ ಮನೆಮಾತು ‘ಗಲ್ಲಾ’. ಅದು ಇಂಗ್ಲಿಷೂ ಆಫ್ರಿಕಾದ ನುಡಿಗಳೂ ಬೆರೆತು ಹುಟ್ಟಿದ ಭಾಷೆ. ಆದರೆ ಆಸ್ತಿಯಿಲ್ಲದವರು ಮತದಾರರಾಗಬೇಕಾದರೆ ರಾಜ್ಯದ ಸಂವಿಧಾನವನ್ನು ಪುಸ್ತಕದ ಇಂಗ್ಲಿಷಿನಲ್ಲಿ ಓದಿ ತೋರಿಸಬೇಕಿತ್ತು. ಅಕ್ಷರ ಬಾರದವರಿಗೆ ಮತವೂ ಇರಲಿಲ್ಲ.

1957ರ ಜನವರಿ 7ರಂದು ಅಲ್ಲಿನ ಸಹಕಾರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ವಯಸ್ಕರಿಗೆ ರಾತ್ರಿ ಪಾಠ ಶುರುವಾಯಿತು. ಬಿಳಿಯರ ಕಣ್ಣಿಗೆ ಬೀಳುತ್ತಿದ್ದುದು ಮುಂದಿನ ದಿನಸಿ ಅಂಗಡಿ ಮಾತ್ರ. ಮೊದಲ ದಿನ ಬಂದವರು 14 ಮಂದಿ. ಕಲಿಸಲು ನಿಂತ ಬರ್ನೀಸ್ ರಾಬಿನ್ಸನ್ ಶಿಕ್ಷಕಿಯಲ್ಲ, ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು. ಅವರನ್ನು ಇದಕ್ಕೆ ಒಪ್ಪಿಸಿದವರಲ್ಲಿ ಒಬ್ಬರಾದ ಸೆಪ್ಟಿಮಾ ಕ್ಲಾರ್ಕ್, ನಾಗರಿಕ ಹಕ್ಕುಗಳ ಸಂಘಟನೆಯ ಸದಸ್ಯತ್ವ ಬಿಡಲೊಪ್ಪದೆ ಶಾಲೆಯ ಕೆಲಸ ಕಳೆದುಕೊಂಡವರು.

ರಾಬಿನ್ಸನ್ ಮೊದಲು ತಂದದ್ದು ಮಕ್ಕಳ ಪುಸ್ತಕಗಳನ್ನು. ದುಡಿದು ದಣಿದು ಬಂದ ಹಿರಿಯರಿಗೆ ಅವು ಒಗ್ಗುವುದಿಲ್ಲವೆಂದು ಕಂಡು ಬದಿಗಿಟ್ಟರು. ನಿಮಗೇನು ಕಲಿಯಬೇಕು ಎಂದು ಅವರನ್ನೇ ಕೇಳಿದರು. ಹೆಸರು ಬರೆಯಬೇಕು, ಬೈಬಲ್ ಓದಬೇಕು, ಮನಿ ಆರ್ಡರ್ ಫಾರಂ ತುಂಬಬೇಕು ಎಂದರು. ಅದೇ ಪಠ್ಯವಾಯಿತು. ರಟ್ಟಿನ ಮೇಲೆ ಬರೆದುಕೊಟ್ಟ ತಮ್ಮ ಹೆಸರನ್ನೇ ಪೆನ್ಸಿಲಿನಿಂದ ತಿದ್ದಿ ತಿದ್ದಿ ಕೈ ಕುದುರಿಸಿಕೊಂಡರು. ಸಂವಿಧಾನದ ಪದಗಳು ಅದರ ಬೆನ್ನಿಗೇ ಬಂದವು.

ಇಂಥ ಶಾಲೆಗಳು ದಕ್ಷಿಣದ ರಾಜ್ಯಗಳಿಗೆಲ್ಲ ಹಬ್ಬಿದವು. 1965ರ ಮತದಾನ ಹಕ್ಕು ಕಾಯ್ದೆ ಸೌತ್ ಕೆರೊಲಿನಾದಂಥ ರಾಜ್ಯಗಳ ಓದಿನ ಪರೀಕ್ಷೆಯನ್ನು ತಡೆಯಿತು. ಅಷ್ಟರೊಳಗೆ ಸಾವಿರಾರು ಹಿರಿಯರು ಆ ಪರೀಕ್ಷೆಯನ್ನು ಓದಿಯೇ ದಾಟಿದ್ದರು.