ದ್ವಿದಳ ಬೆಳೆಗಳ ಬೇರುಗಂಟು: ಬೇರಿನ ಜೀವಕೋಶ ಮತ್ತು ರೈಜೋಬಿಯಂ ನಡುವಿನ ಸಂಕೇತ ವಿನಿಮಯ

ಗಾಳಿಯ ಗಾತ್ರದಲ್ಲಿ ಶೇ. 78ರಷ್ಟು ಸಾರಜನಕವಿದೆ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಯಾವ ಸಸ್ಯವೂ ಅದನ್ನು ನೇರವಾಗಿ ಬಳಸಿಕೊಳ್ಳಲಾರದು. ಯೂರಿಯಾಕ್ಕೆ ಬೇಕಾದ ಅಮೋನಿಯಾ ತಯಾರಿಸುವ ಕಾರ್ಖಾನೆಗಳಲ್ಲಿ ಈ ಬಂಧವನ್ನು ಬಿಡಿಸಲು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ವಾತಾವರಣಕ್ಕಿಂತ ನೂರಾರು ಪಟ್ಟು ಒತ್ತಡವೂ ಬೇಕಾಗುತ್ತದೆ. ತೊಗರಿ, ಕಡಲೆ, ಹೆಸರು, ಉದ್ದು, ಅಲಸಂದೆ, ಸೋಯಾ ಅವರೆ ಹಾಗೂ ಶೇಂಗಾ ಬೆಳೆಗಳ ಬೇರುಗಂಟಿನೊಳಗೆ ಇದೇ ಕಾರ್ಯವು ಹೊಲದ ಸಾಮಾನ್ಯ ಉಷ್ಣತೆಯಲ್ಲಿ, ಒಂದೊಂದು ಜೀವಕೋಶದ ಒಳಗೆ ನಡೆಯುತ್ತದೆ.

ಈ ಕಾರ್ಯವು ತಾನಾಗಿಯೇ ನಡೆಯುವಂಥದ್ದಲ್ಲ. ಬೇರಿನ ಜೀವಕೋಶವೂ ಮಣ್ಣಿನ ಸೂಕ್ಷ್ಮಾಣುಜೀವಿಯೂ ರಾಸಾಯನಿಕ ಸಂಕೇತಗಳ ಮೂಲಕ ಪರಸ್ಪರ ಗುರುತಿಸಿಕೊಂಡ ಮೇಲೆಯೇ ಗಂಟು ಮೂಡುತ್ತದೆ. ಆ ಸಂಕೇತ ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು ತಿಳಿದ ರೈತರಿಗೆ ಮೇಲುಗೊಬ್ಬರದ ಖರ್ಚು ಯಾವಾಗ ಅಗತ್ಯ, ಯಾವಾಗ ವ್ಯರ್ಥ ಎಂಬುದು ಸುಲಭವಾಗಿ ಅರಿವಾಗುತ್ತದೆ.

ಬೇರುರೋಮ: ಒಂದೇ ಜೀವಕೋಶ

ಎಳೆಯ ಬೇರಿನ ತುದಿಗಿಂತ ತುಸು ಮೇಲೆ ಹತ್ತಿಯ ನೂಲಿನಂತೆ ಕಾಣುವ ಬೇರುರೋಮಗಳಲ್ಲಿ ಪ್ರತಿಯೊಂದೂ ಒಂದೇ ಒಂದು ಜೀವಕೋಶ. ಬೇರಿನ ಹೊರಚರ್ಮದ ಕೋಶವೇ ಕೊಳವೆಯಂತೆ ಉದ್ದಕ್ಕೆ ಚಾಚಿಕೊಂಡು ರೋಮವಾಗುತ್ತದೆ. ಇದರ ಹೊರಗೆ ಸೆಲ್ಯುಲೋಸಿನಿಂದಾದ ಕೋಶಭಿತ್ತಿ ಇದ್ದು, ಅದು ಗೋಡೆಯಂತೆ ಆಕಾರವನ್ನು ಕಾಯುತ್ತದೆ. ಅದರ ಒಳಗಿನ ತೆಳುವಾದ ಕೋಶಪೊರೆಯು ಯಾವ ವಸ್ತು ಒಳಬರಬೇಕು, ಯಾವುದು ಹೊರಹೋಗಬೇಕು ಎಂಬುದನ್ನು ನಿಯಂತ್ರಿಸುತ್ತದೆ. ಕೋಶದ ಬಹುಭಾಗವನ್ನು ನೀರು ತುಂಬಿದ ರಸಕುಹರ ಆವರಿಸಿರುತ್ತದೆ. ವಂಶವಾಹಿಗಳನ್ನು ಹೊತ್ತ ಕೋಶಕೇಂದ್ರವು ಬೆಳೆಯುತ್ತಿರುವ ತುದಿಯನ್ನು ಹಿಂಬಾಲಿಸುತ್ತ ಸಾಗುತ್ತದೆ.

ಸಂಕೇತಗಳನ್ನು ಗ್ರಹಿಸುವ ಕೆಲಸ ಕೋಶಪೊರೆಯದು. ಪೊರೆಯಲ್ಲಿ ನೆಟ್ಟಿರುವ ಗ್ರಾಹಕ ಪ್ರೋಟೀನುಗಳ ಒಂದು ತುದಿ ಹೊರಗಿದ್ದು, ಇನ್ನೊಂದು ತುದಿ ಕೋಶರಸದೊಳಗೆ ಇರುತ್ತದೆ. ಹೊರತುದಿಗೆ ಸರಿಹೊಂದುವ ಅಣು ಬಂದು ಕೂಡಿದಾಗ, ಬೀಗಕ್ಕೆ ತಕ್ಕ ಕೀಲಿ ಬಿದ್ದಂತೆ, ಒಳತುದಿಯು ಚುರುಕಾಗುತ್ತದೆ. ಹೊರಗಿನ ಅಣು ಒಳಗೆ ಬರಬೇಕಾಗಿಯೇ ಇಲ್ಲ.

ಸಂಕೇತ ವಿನಿಮಯದ ಕ್ರಮ

ಮೊದಲ ಸಂಕೇತ ಹೊರಡುವುದು ಸಸ್ಯದ ಕಡೆಯಿಂದ. ಬೇರು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಸ್ರವಿಸುತ್ತದೆ. ಒಂದೊಂದು ಬೆಳೆಯ ಸ್ರಾವವೂ ಬೇರೆ ಬೇರೆ. ಸೋಯಾ ಅವರೆಯ ಬೇರಿನಿಂದ ಜೆನಿಸ್ಟೀನ್ ಮತ್ತು ಡೈಡ್ಜೀನ್ ಎಂಬವು ಹೊರಬರುತ್ತವೆ. ಅದಕ್ಕೆ ಒಗ್ಗಿದ ರೈಜೋಬಿಯಂ ಮಾತ್ರ ಆ ಸ್ರಾವವನ್ನು ಗುರುತಿಸಿ, ಉತ್ತರವಾಗಿ ಗಂಟುಕಾರಕ ಅಣುವೊಂದನ್ನು ತಯಾರಿಸುತ್ತದೆ. ನಾಲ್ಕೈದು ಸಕ್ಕರೆಯ ಕೊಂಡಿಗಳುಳ್ಳ ಸರಪಳಿಗೆ ಕೊಬ್ಬಿನ ಆಮ್ಲದ ಬಾಲ ಅಂಟಿಕೊಂಡಿರುವ ಈ ಅಣುವಿನ ರಚನೆಯನ್ನು ಫ್ರಾನ್ಸ್ ದೇಶದ ವಿಜ್ಞಾನಿಗಳು 1990ರಲ್ಲಿ ಬಿಡಿಸಿ ತೋರಿಸಿದರು. ಗಂಟುಗಳಿಂದಲೇ ದ್ವಿದಳ ಸಸ್ಯಗಳಿಗೆ ಗಾಳಿಯ ಸಾರಜನಕ ದೊರೆಯುತ್ತದೆಂದು ಜರ್ಮನಿಯ ಹೆಲ್‌ರೀಗಲ್ 1886ರಲ್ಲೇ ಪ್ರಕಟಿಸಿದ್ದರು. 1888ರಲ್ಲಿ ಹಾಲೆಂಡಿನ ಬೈಯೆರಿಂಕ್ ಗಂಟಿನಿಂದ ಸೂಕ್ಷ್ಮಾಣುಜೀವಿಯನ್ನು ಬೇರ್ಪಡಿಸಿ ಬೆಳೆಸಿದ್ದರು. ಆದರೂ ಇವೆರಡು ಜೀವಿಗಳು ಬಳಸುವ ಸಂಕೇತ ಯಾವುದೆಂದು ತಿಳಿಯಲು ಮತ್ತೆ ನೂರು ವರ್ಷ ಬೇಕಾಯಿತು.

ಗಂಟುಕಾರಕ ಅಣು ಅತ್ಯಲ್ಪ ಪ್ರಮಾಣದಲ್ಲಿ ತಾಗಿದರೂ ಸಾಕು, ಕೆಲವೇ ನಿಮಿಷಗಳಲ್ಲಿ ಬೇರುರೋಮದ ಕೋಶಕೇಂದ್ರದ ಸುತ್ತ ಕ್ಯಾಲ್ಸಿಯಂ ಪ್ರಮಾಣ ಏರಿಳಿಯತೊಡಗುತ್ತದೆ. ನಾಡಿಯ ಮಿಡಿತದಂತಿರುವ ಈ ಏರಿಳಿತವನ್ನು ಕೋಶಕೇಂದ್ರದೊಳಗಿನ ಒಂದು ಪ್ರೋಟೀನು ಗ್ರಹಿಸುತ್ತದೆ. ಅದರಿಂದ ಗಂಟು ಕಟ್ಟಲು ಬೇಕಾದ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಬೇರುರೋಮದ ತುದಿ ಕೊಕ್ಕೆಯಂತೆ ಬಾಗಿ ರೈಜೋಬಿಯಂ ಅನ್ನು ಸುತ್ತುವರಿಯುತ್ತದೆ. ಅನಂತರ ಕೋಶವೇ ಒಳಮುಖವಾಗಿ ಒಂದು ಸಣ್ಣ ಸುರಂಗವನ್ನು ಕಟ್ಟಿಕೊಟ್ಟು ಅತಿಥಿಗೆ ದಾರಿ ಮಾಡುತ್ತದೆ. ಇದೇ ಹೊತ್ತಿಗೆ ಬೇರಿನ ಒಳಪದರದ ಕೋಶಗಳು ವಿಭಜನೆಗೊಂಡು, ಬರಲಿರುವ ಅತಿಥಿಗೆ ಗಂಟಿನ ಮನೆಯನ್ನು ಸಿದ್ಧಪಡಿಸುತ್ತಿರುತ್ತವೆ.

ಶೇಂಗಾ ಬೆಳೆಯಲ್ಲಿ ದಾರಿ ಬೇರೆ. ಪಕ್ಕಬೇರು ಒಡೆದು ಹೊರಬರುವಾಗ ಉಂಟಾಗುವ ಬಿರುಕಿನ ಮೂಲಕ ರೈಜೋಬಿಯಂ ಒಳಸೇರುತ್ತದೆ. ಆದುದರಿಂದಲೇ ಶೇಂಗಾ ಗಂಟುಗಳು ಹೆಚ್ಚಾಗಿ ಪಕ್ಕಬೇರುಗಳ ಬುಡದಲ್ಲಿ ಕಂಡುಬರುತ್ತವೆ.

ಬೆಳೆಗೆ ತಕ್ಕ ರೈಜೋಬಿಯಂ ಏಕೆ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ತೊಗರಿ, ಹೆಸರು, ಉದ್ದು, ಅಲಸಂದೆ, ಹುರುಳಿ ಹಾಗೂ ಶೇಂಗಾ ಬೆಳೆಗಳು ಬಹುಮಟ್ಟಿಗೆ ಒಂದೇ ಗುಂಪಿನ ರೈಜೋಬಿಯಂಗೆ ಸ್ಪಂದಿಸುತ್ತವೆ. ಅದು ನಮ್ಮ ಮಣ್ಣಿನಲ್ಲಿ ಸಹಜವಾಗಿಯೂ ಇರುತ್ತದೆ. ಕಡಲೆಗೆ ಬೇಕಾದುದು ಬೇರೆ. ಸೋಯಾ ಅವರೆ ಚೀನಾ ಮೂಲದ ಬೆಳೆಯಾದುದರಿಂದ, ಹಿಂದೆಂದೂ ಅದನ್ನು ಬಿತ್ತದ ಹೊಲದಲ್ಲಿ ಅದರ ಸಂಕೇತವನ್ನು ಗುರುತಿಸುವ ರೈಜೋಬಿಯಂ ಇರುವ ಸಾಧ್ಯತೆ ಕಡಿಮೆ. ಕಡಲೆಯ ಪೊಟ್ಟಣವನ್ನು ಸೋಯಾ ಬೀಜಕ್ಕೆ ಲೇಪಿಸಿದರೆ ಹಾನಿಯೇನೂ ಆಗದು, ಆದರೆ ಗಂಟೂ ಕಟ್ಟದು.

ಗಂಟಿನೊಳಗಿನ ಕಾರ್ಯವಿಭಾಗ

ಗಂಟಿನ ಮಧ್ಯಭಾಗದ ಒಂದೊಂದು ಜೀವಕೋಶದಲ್ಲಿ ಸಾವಿರಾರು ರೈಜೋಬಿಯಂಗಳು ತುಂಬಿರುತ್ತವೆ. ಅವು ಕೋಶರಸದಲ್ಲಿ ಸ್ವೇಚ್ಛೆಯಾಗಿ ತೇಲಾಡುವುದಿಲ್ಲ. ಸಸ್ಯವು ತನ್ನ ಕೋಶಪೊರೆಯಿಂದಲೇ ಚೀಲ ಮಾಡಿ ಅವುಗಳನ್ನು ಅದರೊಳಗೆ ಇರಿಸಿಕೊಂಡಿರುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯಿಂದ ಪಡೆದ ಸಾವಯವ ಆಮ್ಲಗಳು ಈ ಪೊರೆಯ ಮೂಲಕ ಒಳಹೋಗುತ್ತವೆ, ಅಮೋನಿಯಾ ಹೊರಬರುತ್ತದೆ. ಕೊಡುಕೊಳ್ಳುವಿಕೆಯ ಲೆಕ್ಕವೆಲ್ಲ ಆ ತೆಳುಪೊರೆಯ ಮೇಲೆಯೇ ನಡೆಯುತ್ತದೆ.

ಸಾರಜನಕದ ಬಂಧವನ್ನು ಬಿಡಿಸುವ ನೈಟ್ರೋಜಿನೇಸ್ ಕಿಣ್ವಕ್ಕೆ ಕಬ್ಬಿಣ ಮತ್ತು ಮಾಲಿಬ್ಡಿನಂ ಎರಡೂ ಬೇಕು. ಒಂದು ಸಾರಜನಕ ಅಣುವನ್ನು ಬಿಡಿಸಲು ಕನಿಷ್ಠ 16 ಎಟಿಪಿ ಅಣುಗಳಷ್ಟು ಶಕ್ತಿ ವ್ಯಯವಾಗುತ್ತದೆ. ಎಟಿಪಿಯು ರಂಜಕವನ್ನೊಳಗೊಂಡ ಅಣುವಾದುದರಿಂದ, ರಂಜಕದ ಕೊರತೆಯಿರುವ ಮಣ್ಣಿನಲ್ಲಿ ಗಂಟುಗಳು ಸಣ್ಣವಾಗಿ, ವಿರಳವಾಗಿ ಉಳಿಯುವುದು ಸಹಜ. ದ್ವಿದಳ ಬೆಳೆಗೆ ರಂಜಕದಲ್ಲಿ ಜಿಪುಣತನ ಮಾಡಬಾರದೆನ್ನುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇಲ್ಲೊಂದು ಇಕ್ಕಟ್ಟಿದೆ. ಶಕ್ತಿ ಉತ್ಪಾದನೆಗೆ ಆಮ್ಲಜನಕ ಬೇಕು. ಆದರೆ ಆಮ್ಲಜನಕ ತಾಗಿದರೆ ನೈಟ್ರೋಜಿನೇಸ್ ಕೆಟ್ಟುಹೋಗುತ್ತದೆ. ಸಸ್ಯವು ಇದನ್ನು ಎರಡು ರೀತಿಯಲ್ಲಿ ಪರಿಹರಿಸಿಕೊಂಡಿದೆ. ಗಂಟಿನ ಹೊರಪದರದ ಒತ್ತಾದ ಕೋಶಗಳು ಗಾಳಿಯ ಪ್ರವೇಶವನ್ನು ತಡೆಯುತ್ತವೆ. ಒಳಗೆ ಸೋರಿ ಬಂದ ಆಮ್ಲಜನಕವನ್ನು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನು ಹಿಡಿದು, ಬೇಕಾದಷ್ಟನ್ನೇ ರೈಜೋಬಿಯಂಗೆ ತಲುಪಿಸುತ್ತದೆ. ಇದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಕುಟುಂಬಕ್ಕೇ ಸೇರಿದ್ದು. ಗಂಟನ್ನು ಸೀಳಿದಾಗ ಕಾಣುವ ಗುಲಾಬಿ ಬಣ್ಣ ಇದರದೇ.

ಹೊಲದಲ್ಲಿ ನೀರು ನಿಂತಾಗ ಆಮ್ಲಜನಕ ತೀರಾ ಕಡಿಮೆಯಾಗಿ ಶಕ್ತಿಯ ಪೂರೈಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ಕಪ್ಪುಮಣ್ಣಿನ ತಗ್ಗುಗಳಲ್ಲಿ ಸೋಯಾ ಮತ್ತು ತೊಗರಿ ಹಳದಿಯಾಗಲು ಇದೂ ಒಂದು ಕಾರಣ. ಇಲ್ಲಿ ಮೊದಲು ಆಗಬೇಕಾದ ಕೆಲಸ ಬಸಿಗಾಲುವೆ; ಯೂರಿಯಾ ಅಲ್ಲ.

ಗಂಟುಗಳ ಸಂಖ್ಯೆ ಮತ್ತು ಯೂರಿಯಾ

ಗಂಟುಗಳನ್ನು ಪೋಷಿಸಲು ಸಸ್ಯ ತನ್ನ ಸಕ್ಕರೆಯ ಗಣನೀಯ ಪಾಲನ್ನು ವ್ಯಯಿಸಬೇಕು. ಆದುದರಿಂದ ಅವುಗಳ ಸಂಖ್ಯೆಯನ್ನು ಅದೇ ಮಿತಗೊಳಿಸುತ್ತದೆ. ಮೊದಲ ಗಂಟುಗಳು ಮೂಡುತ್ತಿದ್ದಂತೆ ಬೇರಿನ ಕೋಶಗಳು ಸಣ್ಣ ಪೆಪ್ಟೈಡ್ ಅಣುಗಳನ್ನು ನೀರಿನ ನಾಳಗಳ ಮೂಲಕ ಎಲೆಗೆ ಕಳುಹಿಸುತ್ತವೆ. ಎಲೆಯ ಕೋಶಗಳಲ್ಲಿರುವ ಗ್ರಾಹಕವು ಅದನ್ನು ಓದಿಕೊಂಡು, ‘ಇಷ್ಟು ಸಾಕು’ ಎಂಬ ಸಂಕೇತವನ್ನು ಬೇರಿಗೆ ಹಿಂದಿರುಗಿಸುತ್ತದೆ. ಸೋಯಾ ಅವರೆಯಲ್ಲಿ ಈ ಗ್ರಾಹಕ ಕೆಟ್ಟುಹೋದ ತಳಿಗಳ ಬೇರಿನಲ್ಲಿ ಗಂಟುಗಳು ಮಿತಿಮೀರಿ ತುಂಬಿಕೊಳ್ಳುತ್ತವೆ. ಆದರೆ ಗಿಡ ಕುಗ್ಗುತ್ತದೆ. ಗಂಟು ಹೆಚ್ಚಿದಷ್ಟೂ ಇಳುವರಿ ಹೆಚ್ಚು ಎಂಬ ಎಣಿಕೆ ಆದ್ದರಿಂದ ಸರಿಯಲ್ಲ.

ಮಣ್ಣಿನಲ್ಲಿ ನೈಟ್ರೇಟ್ ಯಥೇಚ್ಛವಾಗಿದ್ದಾಗಲೂ ಬೇರು ಇದೇ ಬಗೆಯ ತಡೆಯನ್ನು ಒಡ್ಡುತ್ತದೆ. ಸುಲಭವಾಗಿ ದೊರೆಯುವ ಸಾರಜನಕವಿರುವಾಗ ಸಕ್ಕರೆ ವ್ಯಯಿಸಿ ಗಂಟು ಸಾಕುವುದೇಕೆ ಎಂಬುದು ಸಸ್ಯದ ಲೆಕ್ಕ. ಹೊಸ ಗಂಟುಗಳು ಮೂಡುವುದಿಲ್ಲ, ಇರುವವೂ ಕಾರ್ಯ ತಗ್ಗಿಸುತ್ತವೆ. ಯೂರಿಯಾ ಮಣ್ಣಿಗೆ ಸೇರಿದ ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ, ಅನಂತರ ನೈಟ್ರೇಟ್ ಆಗಿ ಮಾರ್ಪಡುತ್ತದೆಂಬುದನ್ನು ಇಲ್ಲಿ ನೆನೆಯಬೇಕು.

ರೈತರು ಹೆಚ್ಚಾಗಿ ಎಡವುವುದು ಬಿತ್ತಿದ ಎರಡು-ಮೂರು ವಾರಗಳ ಅವಧಿಯಲ್ಲಿ. ಬೀಜದ ಬೇಳೆಯಲ್ಲಿದ್ದ ಸಾರಜನಕ ಆಗ ತೀರುತ್ತ ಬಂದಿರುತ್ತದೆ. ಗಂಟುಗಳು ಇನ್ನೂ ಕೆಲಸ ಆರಂಭಿಸಿರುವುದಿಲ್ಲ. ಬೆಳೆ ಕೆಲವು ದಿನ ತಿಳಿಹಸಿರಾಗಿ ಕಾಣುತ್ತದೆ. ಅದನ್ನು ಕಂಡು ಎಕರೆಗೆ ಒಂದು ಚೀಲ ಯೂರಿಯಾ ಎರಚಿದರೆ ಸುಮಾರು 20 ಕೆಜಿ ಸಾರಜನಕ ಒಮ್ಮೆಲೇ ಬಿದ್ದಂತಾಗಿ, ಆಗಷ್ಟೇ ಮೂಡುತ್ತಿದ್ದ ಗಂಟುಗಳು ಹಿಂಜರಿಯುತ್ತವೆ. ಬೆಳೆ ಕಡುಹಸಿರಾಗುವುದು ನಿಜ. ಆದರೆ ಆ ಸಾರಜನಕ ತೀರಿದ ಮೇಲೆ, ಕಾಯಿ ಕಟ್ಟುವ ಹೊತ್ತಿಗೆ ಪೂರೈಕೆ ಮಾಡಲು ಗಂಟುಗಳಿರುವುದಿಲ್ಲ.

ಈ ಹಸಿವಿನ ಅವಧಿಯನ್ನು ದಾಟಲೆಂದೇ ಬಿತ್ತನೆಯ ಕಾಲದಲ್ಲಿ ಅಲ್ಪ ಸಾರಜನಕವನ್ನು ಶಿಫಾರಸು ಮಾಡಲಾಗಿದೆ. ಉದಾಹರಣೆಗೆ ತೊಗರಿಗೆ ಹೆಕ್ಟೇರಿಗೆ 25 ಕೆಜಿ ಸಾರಜನಕ ಹಾಗೂ 50 ಕೆಜಿ ರಂಜಕ. ಎಕರೆಗೆ 50 ಕೆಜಿಯ ಒಂದು ಚೀಲ ಡಿಎಪಿ ಹಾಕಿದವರು 9 ಕೆಜಿ ಸಾರಜನಕ, 23 ಕೆಜಿ ರಂಜಕ ನೀಡಿದಂತಾಗುತ್ತದೆ. ಅಂದರೆ ಶಿಫಾರಸು ಬಹುಮಟ್ಟಿಗೆ ಅಲ್ಲಿಗೇ ಪೂರ್ಣಗೊಂಡಿತು.

ಗಿಡ ಅಗೆದು ಪರೀಕ್ಷಿಸುವುದು

ಮೇಲುಗೊಬ್ಬರದ ನಿರ್ಧಾರಕ್ಕೆ ಮೊದಲು, ಬಿತ್ತಿದ 30ರಿಂದ 45 ದಿನಗಳ ನಡುವೆ, ಮಣ್ಣು ಹಸಿಯಾಗಿರುವಾಗ ಹೊಲದ ನಾಲ್ಕೈದು ಕಡೆಗಳಲ್ಲಿ ಒಂದೆರಡು ಗಿಡಗಳನ್ನು ಗುದ್ದಲಿಯಿಂದ ಮಣ್ಣುಹೆಂಟೆಯ ಸಮೇತ ಎತ್ತಬೇಕು. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದು, ಗಂಟಿಲ್ಲವೆಂಬ ತಪ್ಪು ನಿರ್ಣಯಕ್ಕೆ ಎಡೆಯಾಗುತ್ತದೆ. ಹೆಂಟೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ ಮಣ್ಣು ತೊಳೆದು, ಗಂಟುಗಳನ್ನು ಉಗುರಿನಿಂದ ಸೀಳಿ ನೋಡಬೇಕು. ಒಳಭಾಗ ಗುಲಾಬಿ ಅಥವಾ ಕೆಂಪಾಗಿದ್ದರೆ ಗಂಟು ಕೆಲಸ ಮಾಡುತ್ತಿದೆ. ಬಿಳಿಯಾಗಿದ್ದರೆ ಒಂದೋ ಎಳೆಯದು, ಇಲ್ಲವೇ ನಿಷ್ಪ್ರಯೋಜಕ ರೈಜೋಬಿಯಂ ಸೇರಿಕೊಂಡದ್ದು; ವಾರದ ನಂತರ ಮತ್ತೊಮ್ಮೆ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹಸಿರು ಅಥವಾ ಕಂದು ಬಣ್ಣ ಮುಪ್ಪಿನ ಲಕ್ಷಣ. ಕಾಯಿ ಬಲಿಯುವಾಗ ಇದು ಸಹಜ. ಹೂ ಬಿಡುವ ಮೊದಲೇ ಕಂಡರೆ ಸಹಜವಲ್ಲ.

ಇಲ್ಲಿ ಹೆಸರಿನ ಗೊಂದಲವೊಂದಿದೆ. ಜಂತುಹುಳುವಿನಿಂದಾಗುವ ರೋಗವನ್ನೂ ‘ಬೇರುಗಂಟು’ ಎಂದೇ ಕರೆಯುತ್ತಾರೆ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಹೆಬ್ಬೆರಳಿನಿಂದ ಉಜ್ಜಿದರೆ ಉದುರುತ್ತದೆ. ಜಂತುಹುಳುವಿನ ಗಂಟಿನಲ್ಲಿ ಬೇರೇ ಊದಿಕೊಂಡಿರುತ್ತದೆ, ಬೇರನ್ನು ಹರಿಯದೆ ಅದು ಬೇರ್ಪಡದು. ಸೀಳಿದರೆ ಗುಲಾಬಿ ಬಣ್ಣವೂ ಇರದು.

ಎಲೆಯ ಹಳದಿ ಬಣ್ಣವನ್ನೂ ಬಿಡಿಸಿ ಓದಬೇಕು. ಸಾರಜನಕದ ಕೊರತೆ ಮೊದಲು ಕಾಣುವುದು ಕೆಳಗಿನ ಹಳೆಯ ಎಲೆಗಳಲ್ಲಿ. ಸುಣ್ಣದಂಶ ಹೆಚ್ಚಿರುವ ಕಪ್ಪುಮಣ್ಣಿನ ಶೇಂಗಾದಲ್ಲಿ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಬಿಳಿಚಿಕೊಂಡಿದ್ದರೆ ಅದು ಕಬ್ಬಿಣದ ಕೊರತೆ. ಯೂರಿಯಾ ಹಾಕಿದರೂ ಗುಣವಾಗದು.

ಗಂಟುಗಳು ಗುಲಾಬಿಯಾಗಿದ್ದರೆ ಯೂರಿಯಾ ಬೇಡ. ಗಂಟುಗಳೇ ಇಲ್ಲದೆ ಹಳೆಯ ಎಲೆಗಳು ಹಳದಿಯಾಗುತ್ತಿದ್ದರೆ, ಆ ಹಂಗಾಮಿಗೆ ಸಾರಜನಕವನ್ನು ಹೊರಗಿನಿಂದ ನೀಡುವುದೇ ಸರಿಯಾದ ಮಾರ್ಗ. ತೇವವಿರುವಾಗ ಮೇಲುಗೊಬ್ಬರವಾಗಿ, ಇಲ್ಲವೇ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿ ಕೊಡಬಹುದು. ಮುಂದಿನ ಸಲ ಬೀಜೋಪಚಾರದ ಕಡೆಗೆ ಗಮನ ಹರಿಸಬೇಕು.

ಬೀಜೋಪಚಾರದಲ್ಲಿ ಗಮನಿಸಬೇಕಾದದ್ದು

ಪೊಟ್ಟಣದಲ್ಲಿರುವುದು ಪುಡಿಯಲ್ಲ, ಜೀವಂತ ಕೋಶಗಳು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿರೂಪದ ರೈಜೋಬಿಯಂನಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಪ್ರತಿ ಮಿಲಿಲೀಟರಿಗೆ 10 ಕೋಟಿ ಜೀವಂತ ಕೋಶಗಳಿರಬೇಕು. ಅಂಗಡಿಯ ಬಿಸಿಲಿಗೆ ಒಡ್ಡಿದ ಪೆಟ್ಟಿಗೆಯಲ್ಲಿ ಅಥವಾ ಗೊಬ್ಬರದ ಚೀಲಗಳ ನಡುವೆ ಇಟ್ಟ ಪೊಟ್ಟಣದಲ್ಲಿ ಈ ಸಂಖ್ಯೆ ಉಳಿಯದು. ಬೆಳೆಯ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವನ್ನು ಓದಿಯೇ ಕೊಳ್ಳಬೇಕು.

ಸಾಮಾನ್ಯವಾಗಿ 10 ಕೆಜಿ ಬೀಜಕ್ಕೆ 200 ಗ್ರಾಂ ಪುಡಿ ಬಳಸಲಾಗುತ್ತದೆ. ಬೆಲ್ಲದ ನೀರನ್ನು ಕಾಯಿಸಿ, ಪೂರ್ತಿ ಆರಿದ ಮೇಲೆಯೇ ಪುಡಿಯನ್ನು ಬೆರೆಸಬೇಕು. ಬಿಸಿ ಪಾಕಕ್ಕೆ ಹಾಕಿದರೆ ಕೋಶಗಳು ಸಾಯುತ್ತವೆ. ಬೀಜದ ಸಿಪ್ಪೆ ಸುಲಿಯದಂತೆ, ವಿಶೇಷವಾಗಿ ಸೋಯಾ ಮತ್ತು ಶೇಂಗಾ ಬೀಜಗಳಲ್ಲಿ, ಹಗುರವಾಗಿ ಕೈಯಾಡಿಸಿ ಲೇಪಿಸಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ, ಕೀಟನಾಶಕಗಳ ಉಪಚಾರವಿದ್ದರೆ ಅವನ್ನು ಮೊದಲೇ ಮುಗಿಸಿ, ರೈಜೋಬಿಯಂ ಅನ್ನು ಎಲ್ಲಕ್ಕಿಂತ ಕೊನೆಗೆ ಲೇಪಿಸಬೇಕು. ಲೇಪಿಸಿದ ಬೀಜವನ್ನು ರಸಗೊಬ್ಬರದೊಡನೆ ಬೆರೆಸಿ ಬಿತ್ತಬಾರದು. ಮಲೆನಾಡು ಮತ್ತು ಕರಾವಳಿಯ ಹುಳಿಮಣ್ಣಿನಲ್ಲಿ ರೈಜೋಬಿಯಂ ಬದುಕುವುದೂ, ಬೆಳೆಗೆ ಮಾಲಿಬ್ಡಿನಂ ದೊರೆಯುವುದೂ ಕಷ್ಟ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಸುಣ್ಣ ಹಾಕಿದಲ್ಲಿ ಎರಡೂ ಸುಧಾರಿಸುತ್ತವೆ.

ದ್ವಿದಳ ಬೆಳೆಯ ನಂತರ ಬಿತ್ತುವ ಜೋಳ ಅಥವಾ ಗೋಧಿಗೆ ಸಾರಜನಕವೇ ಬೇಡವೆಂಬ ಮಾತು ಕೇಳಿಬರುತ್ತದೆ. ಅದು ಅತಿಶಯೋಕ್ತಿ. ಸ್ಥಿರೀಕರಿಸಿದ ಸಾರಜನಕದ ದೊಡ್ಡ ಪಾಲು ಕಾಳಿನ ಪ್ರೋಟೀನಾಗಿ ಹೊಲದಿಂದ ಹೊರಹೋಗುತ್ತದೆ. ಹೆಸರು, ಉದ್ದು ಬೆಳೆಗಳ ಕಾಯಿ ಬಿಡಿಸಿಕೊಂಡು ಹಸಿರು ಗಿಡವನ್ನು ಮಣ್ಣಿಗೆ ಸೇರಿಸಿದವರಿಗೆ ಮುಂದಿನ ಬೆಳೆಯಲ್ಲಿ ಲಾಭ ಸಿಗುತ್ತದೆ. ಹೊಟ್ಟು, ಬಳ್ಳಿ, ಬೇರು ಎಲ್ಲವನ್ನೂ ಮೇವಿಗೂ ಉರುವಲಿಗೂ ಸಾಗಿಸಿದ ಹೊಲದಲ್ಲಿ ಮುಂದಿನ ಬೆಳೆಗೆ ಉಳಿಯುವುದು ಅಲ್ಪವೇ.