ಹಗಲು ನಿದ್ದೆಯ ಅಳತೆ

1880ರಲ್ಲಿ ಪ್ಯಾರಿಸಿನ ವೈದ್ಯಪತ್ರಿಕೆಯೊಂದರಲ್ಲಿ ಜೆಲಿನೋ ಎಂಬ ಫ್ರೆಂಚ್ ವೈದ್ಯರು 38 ವರ್ಷದ ಪೀಪಾಯಿ ವ್ಯಾಪಾರಿಯೊಬ್ಬನ ವಿಚಾರ ಬರೆದರು. ಅವನಿಗೆ ದಿನಕ್ಕೆ 200 ಸಲದವರೆಗೂ ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ಊಟದ ನಡುವೆ, ಮಾತಿನ ನಡುವೆ, ಬೀದಿಯಲ್ಲಿ ಹೋಗುವಾಗಲೂ ಅದು ಬಿಡುತ್ತಿರಲಿಲ್ಲ. ಎಬ್ಬಿಸಲೆಂದೇ 13 ವರ್ಷದ ಮಗನನ್ನು ಜೊತೆಗಿಟ್ಟುಕೊಂಡು ಓಡಾಡುತ್ತಿದ್ದ. ಮನಸಾರೆ ನಕ್ಕರೆ, ಇಸ್ಪೀಟಿನಲ್ಲಿ ಒಳ್ಳೆಯ ಎಲೆ ಬಂದರೆ ಮೈಯ ಬಲವೆಲ್ಲ ಉಡುಗಿಹೋಗುತ್ತಿತ್ತು. ಬರ್ಲಿನ್ನಿನ ವೆಸ್ಟ್‌ಫಾಲ್ 1877ರಲ್ಲೇ ಇಂಥ ತೊಂದರೆಯನ್ನು ವರ್ಣಿಸಿದ್ದರು. ಅದಕ್ಕೆ ನಾರ್ಕೊಲೆಪ್ಸಿ ಎಂದು ಹೆಸರಿಟ್ಟು, ಇದು ಮೂರ್ಛೆರೋಗವಲ್ಲ, ಬೇರೆಯೇ ಕಾಯಿಲೆ ಎಂದು ವಾದಿಸಿದವರು ಜೆಲಿನೋ. ಅವರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು, ಕಣ್ಣಾರೆ ಕಂಡದ್ದು, ಇಷ್ಟೇ ಅವರ ಪರೀಕ್ಷೆ. ಅಲ್ಲಿಂದೀಚೆಗೆ ಹಗಲಿನ ನಿದ್ದೆಯನ್ನು ಅಳೆಯಲು ಎಷ್ಟೋ ಸಾಧನಗಳು ಬಂದಿವೆ. ಅವುಗಳಲ್ಲಿ ಒಂದೂ ಈ ಹಳೆಯ ವಿಚಾರಣೆಯ ಜಾಗವನ್ನು ತುಂಬಿಲ್ಲ, ತುಂಬಲಾರದು ಎಂಬುದೇ ಈ ಚರಿತ್ರೆಯನ್ನು ಓದಿದಾಗ ನನಗೆ ಕಾಣುವ ಮುಖ್ಯ ಸಂಗತಿ.

ಆದರೆ ಕೇಳುವ ಕಿವಿ ಎಲ್ಲ ಕಾಲಕ್ಕೂ ಸಿಗಲಿಲ್ಲ. ಕೂತಲ್ಲೇ ತೂಕಡಿಸುವವನನ್ನು ಸಮಾಜ ಸೋಮಾರಿ ಎಂದಿತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕೆಲವು ಮನೋವೈದ್ಯರು ಇದನ್ನು ಬದುಕಿನ ಹೊಣೆಯಿಂದ ತಪ್ಪಿಸಿಕೊಳ್ಳುವ ಮನಸ್ಸಿನ ಹೂಟವೆಂದೇ ಬಗೆದರು. ಆದರೆ ಕಾಯಿಲೆಯ ಕುರುಹು ಮಿದುಳಿನಲ್ಲೇ ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿನಲ್ಲಿ ಹಬ್ಬಿದ ನಿದ್ರಾಜ್ವರದಿಂದ ಸತ್ತವರ ಮಿದುಳನ್ನು ಪರೀಕ್ಷಿಸಿದ ವಿಯೆನ್ನಾದ ಫಾನ್ ಎಕನಾಮೊ, ಹೈಪೊಥಲಾಮಸ್ಸಿನ ಹಿಂಭಾಗ ಕೆಟ್ಟವರು ಸದಾ ಮಲಗಿರುತ್ತಿದ್ದರೆಂದು ತೋರಿಸಿ, ಎಚ್ಚರವನ್ನು ಕಾಯುವ ಜಾಗ ಅಲ್ಲಿದೆ ಎಂದು ಊಹಿಸಿದ್ದರು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಯಾಸ್ ಮತ್ತು ಡೇಲಿ 1957ರಲ್ಲಿ ನಾಲ್ಕು ಲಕ್ಷಣಗಳನ್ನು ಒಟ್ಟಿಗೆ ತಂದರು: ಹಗಲಿನ ನಿದ್ದೆ, ಭಾವೋದ್ವೇಗಕ್ಕೆ ಸ್ನಾಯುಗಳು ಸಡಿಲವಾಗುವ ಕ್ಯಾಟಪ್ಲೆಕ್ಸಿ, ನಿದ್ದೆ–ಎಚ್ಚರದ ಅಂಚಿನಲ್ಲಿ ಮೈ ಕದಲಿಸಲಾಗದ ಸ್ಥಿತಿ, ಅದೇ ಅಂಚಿನಲ್ಲಿ ಕಾಣುವ ಭ್ರಮೆಗಳು. ಈ ನಾಲ್ಕರಲ್ಲಿ ಒಂದೊಂದೂ ರೋಗಿಯ ಬಾಯಿಂದಲೇ ಬರಬೇಕಾದದ್ದು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 1953ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್, ಕಣ್ಣುಗುಡ್ಡೆಗಳು ಚುರುಕಾಗಿ ಹೊರಳಾಡುವ ಆರ್‌ಇಎಂ ನಿದ್ದೆಯನ್ನು ಕಂಡುಹಿಡಿದರು. ಕನಸುಗಳು ಹೆಚ್ಚಾಗಿ ಬೀಳುವುದು ಇದರಲ್ಲೇ. ಆರೋಗ್ಯವಂತ ವಯಸ್ಕರು ಮಲಗಿ ಸುಮಾರು ಒಂದೂವರೆ ಗಂಟೆಯ ಮೇಲೆ ಈ ಹಂತ ಮುಟ್ಟುತ್ತಾರೆ. ನಾರ್ಕೊಲೆಪ್ಸಿ ಇರುವವರು ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಜಾರುತ್ತಾರೆಂದು 1960ರಲ್ಲಿ ವೋಗೆಲ್ ವರದಿ ಮಾಡಿದರು. ಇದರ ಮೇಲೆಯೇ ಸ್ಟ್ಯಾನ್‌ಫರ್ಡ್‌ನಲ್ಲಿ ಮೇರಿ ಕಾರ್ಸ್ಕೇಡನ್ ಮತ್ತು ವಿಲಿಯಂ ಡಿಮೆಂಟ್ 1970ರ ದಶಕದಲ್ಲಿ ರೂಪಿಸಿದ ಎಂಎಸ್‌ಎಲ್‌ಟಿ ಎಂಬ ಪರೀಕ್ಷೆ ನಿಂತಿದೆ. ಹಿಂದಿನ ರಾತ್ರಿ ರೋಗಿ ಪ್ರಯೋಗಾಲಯದಲ್ಲೇ ಮಲಗಬೇಕು. ಗೊರಕೆಯ ನಡುವೆ ಉಸಿರುಗಟ್ಟಿ ನಿದ್ದೆ ಕೆಡುತ್ತಿದೆಯೇ ಎಂಬುದು ಆಗಲೇ ತಿಳಿಯುತ್ತದೆ. ಬೆಳಿಗ್ಗೆ ತಲೆಗೆ, ಕಣ್ಣಂಚಿಗೆ, ಗದ್ದಕ್ಕೆ ತಂತಿ ಅಂಟಿಸಿಕೊಂಡು ಕತ್ತಲ ಕೋಣೆಯಲ್ಲಿ ಒರಗಿ, ಮಲಗಲು ಪ್ರಯತ್ನಿಸಬೇಕು. ದೀಪ ಆರಿಸಿದ ಗಳಿಗೆಯಿಂದ ಲೆಕ್ಕ ಶುರು. 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎಬ್ಬಿಸುತ್ತಾರೆ. ಬಂದರೆ ಇನ್ನೂ 15 ನಿಮಿಷ ಬಿಟ್ಟು ಆರ್‌ಇಎಂ ಬರುತ್ತದೆಯೇ ಎಂದು ಕಾಯುತ್ತಾರೆ. ಹೀಗೆ ಎರಡೆರಡು ಗಂಟೆಗೊಮ್ಮೆ ಐದು ಸಲ, ನಡುವೆ ಕಣ್ಣು ಮುಚ್ಚುವಂತಿಲ್ಲ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಎರಡು ಸಲವಾದರೂ ಆರ್‌ಇಎಂ ಬೇಗ ಕಾಣಿಸಿಕೊಂಡರೆ ನಾರ್ಕೊಲೆಪ್ಸಿಯ ಕಡೆಗೆ ಬೊಟ್ಟು ಮಾಡುತ್ತದೆ. ಸೋಮಾರಿ ಎನಿಸಿಕೊಂಡವರ ಪಾಲಿಗೆ ಇದು ದೊಡ್ಡ ನ್ಯಾಯ. ಅವರ ದೂರಿಗೆ ಮೊದಲ ಬಾರಿಗೆ ನಿಮಿಷಗಳ ಸಾಕ್ಷಿ ಸಿಕ್ಕಿತು.

ಹಾಗಿದ್ದಮೇಲೆ ಯಂತ್ರವೇ ಸಾಕಲ್ಲ ಎಂದು ಯಾರಾದರೂ ಕೇಳಬಹುದು. ಬರೀ ಮಾತು ನಂಬಿ ಉತ್ತೇಜಕ ಮಾತ್ರೆ ಬರೆದುಕೊಡುವುದು ಹೇಗೆ? ಹುಸಿ ಹೇಳುವವರಿದ್ದಾರೆ, ತಮ್ಮ ತೂಕಡಿಕೆ ತಮಗೇ ಗೊತ್ತಿಲ್ಲದವರೂ ಇದ್ದಾರೆ. ರೋಗಿಯ ಮಾತನ್ನೇ ಅಂಕಿಯಾಗಿಸುವ ಎಪ್‌ವರ್ತ್ ಪ್ರಶ್ನಾವಳಿಯನ್ನು ಮೆಲ್ಬರ್ನಿನ ಮರ್ರೆ ಜಾನ್ಸ್ 1991ರಲ್ಲಿ ರೂಪಿಸಿದರು. ಓದುವಾಗ, ಟಿವಿ ನೋಡುವಾಗ, ಮಧ್ಯಾಹ್ನದ ಊಟವಾಗಿ ಕೂತಾಗ ಎಂಬಂಥ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಂಭವಕ್ಕೆ ರೋಗಿಯೇ ಅಂಕ ಕೊಡಬೇಕು. 24ಕ್ಕೆ 10 ದಾಟಿದರೆ ಹೆಚ್ಚೆಂದು ಲೆಕ್ಕ. ಇದೂ ರೋಗಿಯ ಅನಿಸಿಕೆಯೇ ತಾನೇ ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಎಂಎಸ್‌ಎಲ್‌ಟಿಯ ಅಂಕಿಯೂ ತನ್ನಷ್ಟಕ್ಕೆ ತಾನೇ ಮಾತಾಡುವುದಿಲ್ಲ. ರಾತ್ರಿ ಪಾಳಿಯಲ್ಲಿ ದುಡಿಯುವವರು, ವಾರಗಟ್ಟಲೆ ನಿದ್ದೆಗೆಟ್ಟವರು ಆರೋಗ್ಯವಾಗಿದ್ದೂ ಇದೇ ಫಲಿತಾಂಶ ಕೊಡಬಲ್ಲರು. ಖಿನ್ನತೆಯ ಎಷ್ಟೋ ಮಾತ್ರೆಗಳು ಆರ್‌ಇಎಂ ನಿದ್ದೆಯನ್ನು ಅದುಮುತ್ತವೆ. ಅವನ್ನು ಥಟ್ಟನೆ ನಿಲ್ಲಿಸಿದರೆ ಅದು ಉಕ್ಕುತ್ತದೆ. ಅದಕ್ಕೇ ಪರೀಕ್ಷೆಗೆ ಮುನ್ನ ಒಂದೆರಡು ವಾರ ಯಾವಾಗ ಮಲಗಿದೆ, ಯಾವಾಗ ಎದ್ದೆ ಎಂದು ರೋಗಿ ಬರೆದಿಡಬೇಕೆಂಬ ಕಟ್ಟಳೆ ಇದೆ. ಆ ಬರಹವಿಲ್ಲದೆ ನಿಮಿಷಗಳ ಲೆಕ್ಕಕ್ಕೆ ಅರ್ಥವಿಲ್ಲವೆಂದು ಪರೀಕ್ಷೆಯ ನಿಯಮಗಳೇ ಒಪ್ಪಿಕೊಂಡಂತಾಯಿತು. ಕ್ಯಾಟಪ್ಲೆಕ್ಸಿ ಇಲ್ಲದವರಲ್ಲಂತೂ ಎರಡನೆಯ ಸಲದ ಫಲಿತಾಂಶ ಮೊದಲಿನದಕ್ಕೆ ತಾಳೆಯಾಗದಿರುವುದು ಸಾಮಾನ್ಯ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರಸಾಯನದ ಕಡೆಯಿಂದ ಬರುತ್ತದೆ. 1998ರಲ್ಲಿ ಎರಡು ತಂಡಗಳು ಹೈಪೊಥಲಾಮಸ್ಸಿನ ಒಂದೇ ವಸ್ತುವನ್ನು ಬೇರೆ ಬೇರೆಯಾಗಿ ಕಂಡುಕೊಂಡು, ಹೈಪೊಕ್ರೆಟಿನ್, ಒರೆಕ್ಸಿನ್ ಎಂದು ಎರಡು ಹೆಸರು ಕೊಟ್ಟವು. ಮರುವರ್ಷವೇ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ನಾರ್ಕೊಲೆಪ್ಸಿ ಇದ್ದ ನಾಯಿಗಳಲ್ಲಿ ಅದರ ಗ್ರಾಹಿಯ ಜೀನ್ ಕೆಟ್ಟಿರುವುದನ್ನು ತೋರಿಸಿದರು. 2000ದಲ್ಲಿ ಒಂಬತ್ತು ರೋಗಿಗಳ ಬೆನ್ನುಹುರಿಯ ದ್ರವ ಪರೀಕ್ಷಿಸಿದಾಗ ಏಳು ಮಂದಿಯಲ್ಲಿ ಈ ವಸ್ತು ಪತ್ತೆಯಾಗಲೇ ಇಲ್ಲ. ಎಚ್ಚರವನ್ನು ಕಾಯುವ ಜಾಗ ಹೈಪೊಥಲಾಮಸ್ಸಿನಲ್ಲಿದೆ ಎಂಬ ಫಾನ್ ಎಕನಾಮೊ ಅವರ ಊಹೆ ನಿಜವಾಗಿತ್ತು. ಈಗ ಮಿಲಿಲೀಟರಿಗೆ 110 ಪಿಕೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಂದನೆಯ ಬಗೆಯ, ಅಂದರೆ ಸಾಮಾನ್ಯವಾಗಿ ಕ್ಯಾಟಪ್ಲೆಕ್ಸಿ ಜೊತೆಗಿರುವ ನಾರ್ಕೊಲೆಪ್ಸಿ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಈ ಪರೀಕ್ಷೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ತೂಕಡಿಸುವವರನ್ನೆಲ್ಲ ಕರೆದು ಸೊಂಟಕ್ಕೆ ಸೂಜಿ ಚುಚ್ಚಲಾಗದು. ಯಾರಿಗೆ ಚುಚ್ಚಬೇಕೆಂಬುದು ವಿಚಾರಣೆಯಿಂದಲೇ ತೀರ್ಮಾನವಾಗಬೇಕು. ಕ್ಯಾಟಪ್ಲೆಕ್ಸಿ ಇಲ್ಲದವರಲ್ಲಿ ಹೆಚ್ಚಿನವರಿಗೆ ಹೈಪೊಕ್ರೆಟಿನ್ ಸರಿಯಾಗಿಯೇ ಇರುತ್ತದೆ, ಅವರನ್ನು ಎರಡನೆಯ ಬಗೆ ಎಂದು ಗುರುತಿಸಲು ಮತ್ತೆ ಅದೇ ಕತ್ತಲ ಕೋಣೆಯ ಪರೀಕ್ಷೆಗೆ ಹೋಗಬೇಕು. ಅವರಲ್ಲೂ ಕೆಲವರಿಗೆ ವರ್ಷಗಳ ಮೇಲೆ ಕ್ಯಾಟಪ್ಲೆಕ್ಸಿ ಕಾಣಿಸಿಕೊಂಡು ಇಡೀ ನಿರ್ಣಯವೇ ಬದಲಾಗುತ್ತದೆ. ಮೊದಲ ವರದಿ ಕೈಸೇರಿದೊಡನೆ ಕಡತ ಮುಚ್ಚಿಬಿಡುವ ವೈದ್ಯರಿಗೆ ಈ ಬದಲಾವಣೆ ತಿಳಿಯುವುದೇ ಇಲ್ಲ.